ಗುಡಾಣದೊಳಗಿನ ಮೈಕು

ಅಲ್ಲ ರಾಜಾತಿ, ನಾನೇನು ಓಗಬ್ಯಾಡ ಅಂದ್ನಾ? ಓಗು. ಸೇಲಂಗೆ ಓಗು, ಆ ವೇಣು ಸ್ಟುಡಿಯೋಗೇ ಓಗು, ಬ್ಯಾಡ ಅನ್ನೋಕೆ ನಾನ್ಯಾರು? ನಾಳೆ ಬೆಳಿಗ್ಗೆ ನಿನ್ನ ಕರ್ಕೊಂಡೋಗಾಕೆ ಪೆನ್ನಾಗರದ ಬಸ್ ಸ್ಟ್ಯಾಂಡಿಗೆ ಅವನ ವ್ಯಾನು ಬತ್ತದೆ, ಅದೂ ಗೊತ್ತು ನಂಗೆ. ನಾನು ಕೇಳ್ತಿರೋದು ಇಷ್ಟೇ. ಓಗೋಕೆ ಮುಂಚೆ ನಿಮ್ಮವ್ವನ ಪದ ಒಂದು, ಒಂದೇ ಒಂದು, ನನ್ನ ಮೈಕಿಗೆ ಯೋಳ್ಬುಟ್ಟು ಓಗು. ಆಮೇಲೆ ಅವನು ನಿನ್ನ ಕೈಲಿ ತಮಿಳು ಪಾಟ್ಟೇ ಯೋಳಿಸ್ಲಿ, ಇಂದೀನೇ ಯೋಳಿಸ್ಲಿ, ನಾನು ಕೇಳಾಕೆ ಬರಾಕಿಲ್ಲ... ಎದ್ದೆ ಯಾಕೆ? ಕುಂತ್ಕೊ, ಕುಂತ್ಕೊ. ಆ ಗೋಡೆ ಕಡೆ ಅಲ್ಲ, ಇತ್ತ, ಬಾಗಿಲ ಬೆಳಕಿಗೆ ಮಕ ಮಾಡಿ ಕುಂತ್ಕೊ. ನಿನ್ನ ನೋಡಿ ಎಷ್ಟು ಕಾಲ ಆಯ್ತು. ಮಕ ನಿಮ್ಮಪ್ಪಂದು, ಬಾಯಿ ಮಾತ್ರ ನಿಮ್ಮವ್ವ ಮಾರಕ್ಕಂದೇ.

ನಗ್ತೀಯಲ್ಲ, ಯಾಕೆ? ಓಹೋ, ಗೋಡೆ ಮ್ಯಾಲಿನ ಕಂಬಳಿ ನೋಡಿ ನಗು ಬಂತಾ? ನಗು, ನಗು. ಇದು ತಿಮ್ಮರಾಯಪ್ಪನ ಸ್ಟುಡಿಯೋ ಕಣವ್ವ! ಕಂಬಳಿ ಕಟ್ದೆ ಇದ್ರೆ ದನಿ ಗೋಡೆಗೆ ಬಡಿದು ವಾಪಸ್ ಬಂದು ಎಲ್ಲಾ ಕಲಸುಮೇಲೋಗರ ಆಯ್ತದೆ. ವೇಣು ಸ್ಟುಡಿಯೋದಾಗೆ ಗೋಡೆ ತುಂಬಾ ಸ್ಪಾಂಜು ಅಂಟಿಸವ್ನೆ, ಏಸಿ ಬ್ಯಾರೆ ಆಕವ್ನೆ. ಸರಿ, ಆಕ್ಲಿ. ಗೋಡೆ ಬಾಯಿ ಮುಚ್ಚಿಸ್ಬೇಕು ಅನ್ನೋದನ್ನ ಅವನು ಕಲ್ತಿದ್ದು ಎಲ್ಲಿ? ಇಲ್ಲಿ. ಈ ರೂಮಿನಾಗೆ, ಈ ಕಂಬಳೀನೇ ಮೊಳೆಗೆ ಸಿಗಾಕ್ತಾ ಕಲ್ತ. ಮಾರಂಡಹಳ್ಳಿಯಿಂದ ರೇಡಿಯೋ ರಿಪೇರಿ ಮಾಡ್ಕೊಂಡು ಬಂದೋನು ನನ್ನ ತಾವ ಸೇರ್ಕೊಂಡ, ಕೆಲಸ ಕಲ್ತ, ಓದ. ಈಗ ಅವನಿಗೆ ಸೇಲಂನಾಗೆ ಬೋರ್ಡು. ಬ್ಯಾಸರ ಏನಿಲ್ಲ ನಂಗೆ... ಐತೆ ಬುಡು. ಸುಳ್ಯಾಕೆ ಯೋಳ್ಲಿ.

ನಿಮ್ಮವ್ವ ಮೊದಲ್ನೇ ಸಲ ಇಲ್ಲಿಗೆ ಬಂದಾಗ ನೀನು ಸೊಂಟದ ಮ್ಯಾಲಿದ್ದೆ. ನಂದು ಆವಾಗ ಬರೀ ಮೈಕ್ ಸೆಟ್ಟು. ಮದುವೆ, ತಿಥಿ, ಎಲೆಕ್ಷನ್ನು, ಯಾವುದಿದ್ರೂ ಮರ ಅತ್ತಿ ಆರನ್ ಸ್ಪೀಕರ್ ಕಟ್ಟೋನು ನಾನೇ. ಒಂದಿನ ನಿಮ್ಮ ಅಟ್ಟಿ ಮುಂದೆ ಸೈಕಲ್ನಾಗೆ ಓಗ್ತಿದ್ದೆ, ಅಲ್ಲಿ ಕುರಿ ತುಪ್ಪಟ ಕತ್ತರಿಸ್ತಾವ್ರೆ. ಗಂಡಸ್ರು ಕತ್ತರಿ ಆಡಿಸ್ತಿದ್ರೆ ನಿಮ್ಮವ್ವ ಕುರಿ ಕಾಲು ಇಡ್ಕೊಂಡು ಪದ ಯೋಳ್ತಾವ್ಳೆ. ಕತ್ತರಿ ಸದ್ದೇ ತಾಳ. ಕುರಿ ಒದ್ದಾಡಿದ್ರೆ ಪದ ನಿಧಾನ ಆಯ್ತದೆ, ಕುರಿ ಸುಮ್ಕಾದ್ರೆ ಪದ ಓಡ್ತದೆ. ನಾನು ಸೈಕಲ್ ಇಳಿದೋನು ಅಂಗೇ ನಿಂತ್ಬುಟ್ಟೆ. ನಮ್ಮ ಮಾತಾಗೆ ಇಂಥದ್ದು ಐತಾ ಅನ್ನಿಸ್ತು. ಅವತ್ತೇ ಮೈಕ್ ಸೆಟ್ಟು ಸಾಕು, ಕ್ಯಾಸೆಟ್ ಮಾಡಾನ ಅಂತ ತೀರ್ಮಾನ ಮಾಡ್ದೆ.

ಕರ್ಕೊಂಡು ಬಂದು ಮೈಕ್ ಮುಂದೆ ನಿಲ್ಲಿಸಿದ್ರೆ ಅಕ್ಕಯ್ಯಂಗೆ ಬಾಯೇ ಬರಾಕಿಲ್ಲ. ಕೈ ಎಲ್ಲಿ ಇಕ್ಕೊಳ್ಲಿ ತಿಮ್ಮಣ್ಣಾ ಅಂತಾಳೆ. ಕೈಯಾಗೆ ಕುರಿ ಇಲ್ವಲ್ಲ! ನಾನೇನು ಮಾಡ್ದೆ ಯೋಳು? ಕುರೀನೇ ತಂದೆ ಒಳಕ್ಕೆ. ನಿಮ್ಮ ಚಿಕ್ಕಪ್ಪ ಕತ್ತರಿ ಇಡ್ಕೊಂಡು ಬಂದ. ರೂಮಿನ ತುಂಬಾ ತುಪ್ಪಟ, ಇಕ್ಕೆ, ವಾಸನೆ. ನನ್ನ ಎಂಡ್ರು ಮುನಿವೆಂಕಟಮ್ಮ ನನ್ನ ಬೈದ ಬೈಗುಳನೇ ಒಂದು ಕ್ಯಾಸೆಟ್ ಆಗಿರೋದು. ಆದ್ರೆ ಪದ ಬಂತು. ಕುರಿ ಒಂದ್ಸಲ ಕೆಮ್ತು, ಅದೂ ಬಂತು. ತೆಗೀನಿಲ್ಲ ನಾನು. ತೆಗೆಯಾಕೆ ನಂಗೆ ಎಲ್ಲಿ ಬರ್ತಿತ್ತು, ಬಂದಿದ್ರೂ ತೆಗೀತಿರ್ನಿಲ್ಲ.

ಒಂದೇ ಕೊರತೆ. ಕಂಬಳಿ ದೆಸೆಯಿಂದ ದನಿ ಒಣಕಲಾಗಿತ್ತು. ಅಟ್ಟೀಲಿ ಯೋಳುವಾಗ ಎದುರಿನ ಗುಡ್ಡಕ್ಕೆ ತಾಗಿ ಇಂದಕ್ಕೆ ಬತ್ತಿತ್ತಲ್ಲ, ಅದಿಲ್ಲ. ರಾತ್ರಿಯೆಲ್ಲ ನಿದ್ದೆ ಬರ್ನಿಲ್ಲ ನಂಗೆ. ಮೂಲೆಯಾಗೆ ರಾಗಿ ತುಂಬಿಡೋ ಗುಡಾಣ ಖಾಲಿ ಇತ್ತು, ಅಗೋ, ಅದೇ ಮಣ್ಣಿನ ಗುಡಾಣ. ಅದರ ಒಟ್ಟೆಯೊಳಕ್ಕೆ ಎರಡನೇ ಮೈಕ್ ಇಳಿಬುಟ್ಟೆ. ಒಂದು ಮೈಕು ಅಕ್ಕಯ್ಯನ ಬಾಯಿ ತಾವ, ಇನ್ನೊಂದು ಗುಡಾಣದೊಳಗೆ. ಅವಳು ಬಾಯಿ ಬುಟ್ಟಳು ನೋಡು, ಗುಡ್ಡನೇ ಎದ್ದು ರೂಮಿಗೆ ಬಂದಂಗಾಯ್ತು. ಆ ಕ್ಯಾಸೆಟ್ಟು ಕಂಬೈನಲ್ಲೂರು ಸಂತೆಯಾಗೆ, ಮೇಟ್ಟೂರು ಕಡೆ, ಈ ತಮಿಳು ಸೀಮೆಯಾಗೆ ಎಲ್ಲೆಲ್ಲಿ ಕನ್ನಡ ಮಾತಾಡೋ ನಮ್ಮೋರು ಅವ್ರೋ ಅಲ್ಲೆಲ್ಲ ಓಯ್ತು. ಡ್ರೈವರ್‌ಗಳು ಬಸ್ಸಿನಾಗೆ ಆಕೋರು.

ವೇಣು ಬಂದಿದ್ದು ಆಮೇಲೆ. ಅವನು ಕೆಲಸ ಕಲ್ತಿದ್ದು ನೋಡಬೇಕಿತ್ತು ನೀನು. ನನ್ನ ತಾವ ದನಿ ಏರಿಸಿ ಇಳಿಸೋ ಮಿಕ್ಸರ್ ಎಲ್ಲಿತ್ತು? ದನಿ ಜಾಸ್ತಿ ಆದ್ರೆ ಆ ಎಂಗಸನ್ನ ಒಂದು ಮೊಳ ಇಂದಕ್ಕೆ ಕುಂಡ್ರಿಸೋದು. ಡೋಲು ಜಾಸ್ತಿ ಆದ್ರೆ ಡೋಲಿನೋನನ್ನ ಪಡಸಾಲೆಗೆ ದಬ್ಬೋದು. ಸೀಮೆಸುಣ್ಣದಾಗೆ ನೆಲದ ಮ್ಯಾಲೆಲ್ಲ ಗುರ್ತು. ಅವನು ಅದನ್ನ ನೋಡಿ, ಅಣ್ಣಾ, ನಿಮ್ಮ ಮಿಕ್ಸರ್ ನೆಲದ ಮ್ಯಾಲೈತೆ ಅಂದ. ಎಂಥಾ ಮಾತು ನೋಡು. ನಾನು ಮಾಡ್ತಿದ್ದೆ, ಆದ್ರೆ ಏನು ಮಾಡ್ತಿದೀನಿ ಅಂತ ನಂಗೇ ಗೊತ್ತಿರ್ನಿಲ್ಲ. ಅವನು ಯೋಳಿದ್ಮ್ಯಾಲೆ ಗೊತ್ತಾಯ್ತು.

ಸೇಲಂಗೆ ಓದ್ಮ್ಯಾಲೆ ಎಲ್ಲಾ ತಿರುಗಾಮುರುಗಾ ಮಾಡ್ಬುಟ್ಟ. ಡೋಲಿನೋನು ಸೋಮವಾರ ಬಂದು ಬಾರಿಸಿ ಓಗ್ತಾನೆ. ಪದ ಯೋಳೋಳು ಶನಿವಾರ ಬತ್ತಾಳೆ, ಒಬ್ಬಳೇ ಗಾಜಿನ ರೂಮಿನಾಗೆ ನಿಂತ್ಕೊಂಡು, ಕಿವಿಗೆ ಅದೇನೋ ಸಿಗಾಕ್ಕೊಂಡು, ಇಲ್ದಿರೋ ಡೋಲಿಗೆ ಪದ ಯೋಳ್ಬೇಕು. ಒಬ್ಬರ ಮಕ ಒಬ್ಬರು ನೋಡಿರಾಕಿಲ್ಲ. ಕ್ಯಾಸೆಟ್ಟಿನಾಗೆ ಮಾತ್ರ ಎಲ್ಲಾ ಒಂದೇ ಚಾಪೆ ಮ್ಯಾಲೆ ಕುಂತಂಗೆ ಕೇಳ್ತದೆ. ನಾಳೆ ನಿಂಗೂ ಅಂಗೇ ಮಾಡ್ತಾನೆ, ಇದನ್ನ ಮನಸ್ಸಿನಾಗಿಟ್ಕೊ. ಕೈಗೆ ಕುರಿ ಕೊಡಾಕಿಲ್ಲ ಅವನು.

ಏನು? ಇನ್ನೊಂದ್ಸಲ ಯೋಳು, ಮೆಲ್ಲಗೆ ಯೋಳು... ಊಂ. ಊಂ. ತಿಮ್ಮಣ್ಣನ ಗುಡಾಣದ ಸದ್ದು ಬೇಕು ಅಂದ್ನಾ ವೇಣು? ಅವನೇ ಅಂದ್ನಾ? ನಿನ್ನ ಮುಂದೆಯೇ?

ಅನ್ನಬೇಕಾದ್ದೇ ಬುಡು. ಅವನ ಎಕೋ ಮಿಷನ್ನು ಮದ್ರಾಸಿಂದ ತರಿಸಿದ್ದು. ತಿರುಪಿ ತಿರುಪಿ, ನಮ್ಮ ಗುಡಾಣದ ಸದ್ದು ಬರೋಗಂಟ ತಿರುಪವ್ನೆ. ಕರೆಂಟಿನ ಡಬ್ಬಿಯಾಗಿಂದ ತಾಳ ಬರಿಸ್ತಾನಲ್ಲ, ಅದನ್ನೂ ತಿದ್ದಿ ತಿದ್ದಿ ಕತ್ತರಿ ಸದ್ದು ಮಾಡವ್ನೆ. ಅವನ ಮೊದಲ್ನೇ ಕ್ಯಾಸೆಟ್ ಬಂದಾಗ ಬಜಾರಿನಾಗೆ ನಿಂತ್ಕೊಂಡು ಕೇಳ್ದೆ. ಪದ ತಮಿಳು, ಯೋಳೋಳು ಯಾರೋ, ಆದ್ರೆ ಸದ್ದು ನಂದು. ಸಿಟ್ಟು ಬಂತು. ಅದರ ಇಂದೇನೇ ಖುಷೀನೂ ಆಯ್ತು. ಎರಡೂ ಒಟ್ಟಿಗೇ ಬಂದ್ರೆ ಮನುಷ್ಯ ಏನು ಮಾಡ್ತಾನೆ? ಒಂದು ಟೀ ಕುಡಿದು ಮನೆಗೆ ಬಂದೆ.

ಉಸಿರಿನ ವಿಸ್ಯ ಯೋಳ್ಬೇಕು ನಿಂಗೆ. ಸಾಲು ಸುರು ಮಾಡೋಕೆ ಮುಂಚೆ ನಿಮ್ಮವ್ವ ಉಸ್ರು ಎಳ್ಕೊತಿದ್ಳಲ್ಲ, ಸ್... ಅಂತ. ಬ್ಯಾರೆ ಸ್ಟುಡಿಯೋದೋರು ಅದನ್ನ ಒರೆಸಾಕ್ತಾರೆ. ನಾನು ಬುಟ್ಟಿದ್ದೆ. ವೇಣೂನೂ ಬುಡ್ತಾನೆ. ಸೇಲಂನಾಗೆ ಎಲ್ರೂ ಅದನ್ನ ವೇಣು ಸ್ಟೈಲ್ ಅಂತಾರಂತೆ. ಆದ್ರೆ ಅವನು ಏನು ಮಾಡ್ತಾನೆ ಗೊತ್ತಾ? ಒಂದು ಸಾಲಿನ ಉಸ್ರು ಕತ್ತರಿಸಿ ಇನ್ನೊಂದು ಸಾಲಿಗೆ ಅಂಟಿಸ್ತಾನೆ! ಉಸ್ರು ಎಳೆಯದೇ ಇದ್ದ ಕಡೆ ಉಸ್ರು! ಕೇಳೋರಿಗೆ ಗೊತ್ತಾಗಾಕಿಲ್ಲ. ನಂಗೆ ಗೊತ್ತಾಯ್ತದೆ. ಬದುಕಿರೋರ ಉಸ್ರು ಅದಲ್ಲ, ಕಣವ್ವ.

ಬಾಗಿಲ ಕಡೆ ಯಾಕೆ ನೋಡ್ತೀಯ? ಯಾರಾದ್ರೂ ಬಂದ್ರಾ? ...ಓ, ಮುನಿ ಕೂಗ್ತಾವ್ಳಾ ಅಡುಗೆಮನೆಯಿಂದ? ಗೊತ್ತು ಗೊತ್ತು, ಕೇಳಿಸ್ತು ನಂಗೆ. ಕೂಗಿದ್ದಕ್ಕೆಲ್ಲ ಓಗೊಟ್ಕೊಂಡು ಕುಂತ್ರೆ ನಮ್ಮ ಮಾತು ಮುಗಿಯಾಕಿಲ್ಲ. ಕಾಫಿ ತತ್ತಾಳೆ ಬುಡು.

ಎಲ್ಲಿದ್ದೆ ನಾನು? ಆ, ಅವನ ಒಸ ಕ್ಯಾಸೆಟ್ಟು. ಈ ಸಲ ಜಾಸ್ತಿ ಮಾಡ್ಬುಟ್ಟ ಕಣವ್ವ. ಸಾಲು ಸಾಲಿಗೂ ನಡುವೆ ಆ ಕೊಳಲು ಯಾಕೆ ಬೇಕಿತ್ತು? ಪದಕ್ಕೆ ಉಸ್ರಾಡಾಕೆ ಜಾಗವೇ... ಏನು ಅಂಗೆ ಉಬ್ಬು ಮ್ಯಾಲೆ ಮಾಡ್ತೀಯ? ಕೊಳಲಿಲ್ವಾ ಅದರಾಗೆ? ನಾಗಸ್ವರನಾ? ಅದೇ ಕಣವ್ವ, ಊದೋದು ಅಂದೆ. ಯಾವುದಾದ್ರೇನು, ಊದೋದು ಜಾಸ್ತಿ.

ಆದ್ರೆ ಒಂದು ಮಾತು. ಅವನನ್ನ ಬರೀ ಬೈದ್ರೆ ನನ್ನ ಬಾಯಿಗೆ ಉಳ ಬೀಳ್ತದೆ. ನಿಮ್ಮವ್ವ ಕೊನೇಲಿ ಒಂದ್ಸಲ ಅವನ ತಾವ ಓಗಿ ಪದ ಯೋಳಿ ಬಂದ್ಳಲ್ಲ, ಅಟ್ಟಿಗೆ ಬರಾಕಿಲ್ಲ ಅನ್ನೋ ಕರೀ ಕುರಿ ಪದ. ಆಗ್ಲೇ ಎದೆ ಕೆಟ್ಟಿತ್ತು ಅವಳಿಗೆ. ಕೊನೇ ಸಾಲಿಗೆ ಮುಂಚೆ ಕೆಮ್ಮು ಬಂದ್ಬುಡ್ತಂತೆ. ನಾನಾಗಿದ್ರೆ ಕೆಮ್ಮು ಅಂಗೇ ಬುಡ್ತಿದ್ದೆ. ವೇಣು ಕೆಮ್ಮು ತೆಗೆದ. ತೆಗೆದೋನು ಸಾಲಿಗೆ ಸಾಲು ಕೂಡಿಸ್ನಿಲ್ಲ ಕಣೇ, ಕೆಮ್ಮಿನ ಜಾಗನ ಅಂಗೇ ಖಾಲಿ ಬುಟ್ಟ. ಡೋಲಿಲ್ಲ, ಏನಿಲ್ಲ, ಬರೀ ಖಾಲಿ. ಆಮೇಲೆ ಆ ಕೊನೇ ಸಾಲು ಬತ್ತದೆ. ಆ ಖಾಲಿ ಜಾಗದಾಗೆ ಕುರಿ ಕಳೆದೇ ಓಯ್ತು ಅನ್ನಿಸ್ತದೆ. ನಾನು ಅತ್ತೆ ಅವತ್ತು. ನಂದ್ರಲ್ಲಾದ್ರೆ ಮಾರಕ್ಕನ ಎದೆನೋವು ಕೇಳಿರೋದು, ಅವಂದ್ರಲ್ಲಿ ಪದ ಕೇಳ್ತು. ನಂಗೆ ಮಾರಕ್ಕ ಬೇಕು. ಅವನಿಗೆ ಪದ ಬೇಕು. ನಮ್ಮಿಬ್ಬರ ಜಗಳ ಅಂದ್ರೆ ಇಷ್ಟೇ. ಯಾರು ಸರಿ ಅಂತ ನನ್ನ ಕೇಳ್ಬ್ಯಾಡ. ಆಮೇಲೆ ನಾನೂ ಕಂಬೈನಲ್ಲೂರಿನ ಎಂಗಸರ ಪದ ಇಡಿಯುವಾಗ ಅಂಥದ್ದೊಂದು ಖಾಲಿ ಜಾಗ ಬುಟ್ಟೆ. ಶಿಷ್ಯನ ತಾವ ಕದ್ದೆ. ನಂದು ಅಷ್ಟು ಚೆನ್ನಾಗಿ ಬರ್ನಿಲ್ಲ.

ಯಾಕೆ ತಲೆ ತಗ್ಗಿಸ್ದೆ? ಅವ್ವನ ಮಾತು ತೆಗೀಬಾರ್ದಿತ್ತು ನಾನು. ಅಳ್ಬ್ಯಾಡ. ತಲೆ ಎತ್ತು ತಾಯಿ, ತಲೆ ಎತ್ತಿ ಮಾತಾಡು ನನ್ನ ಜೊತೆ.

ನೋಡು, ನಂಗೇನು ಆಸೆ ಉಳಿದಿಲ್ಲ. ಈ ಕ್ಯಾಸೆಟ್ ಮಾರಾಟ ಆಗಾಕಿಲ್ಲ, ಗೊತ್ತು. ನಮ್ಮ ಜನಕ್ಕೆ ಕನ್ನಡ ಬಾಯಾಗೈತೆ, ಕಣ್ಣಾಗಿಲ್ಲ. ಅದಕ್ಕೇ ಅಲ್ವಾ ಕನ್ನಡ ಪದದ ಕ್ಯಾಸೆಟ್ಟಿಗೆ ರಟ್ಟಿನ ಮ್ಯಾಲೆ ತಮಿಳಾಗೆ ಎಸರು ಅಚ್ಚಾಕಿಸ್ತಿದ್ದೆ ನಾನು? ಈಗ ಧರ್ಮಪುರಿ ಅಂಗಡಿಯೋರು ಅದನ್ನೂ ಬ್ಯಾಡ ಅಂತಾರೆ. ಕನ್ನಡಂ ಯಾರು ವಾಂಗುವಾಂಗ ಅಂತಾರೆ, ಕನ್ನಡ ಯಾರು ತಗೊಂಡಾರು ಅಂತ. ಸರಿಯಾಗೇ ಕೇಳ್ತಾರೆ. ನಮ್ಮ ಐಕಳೇ ತಗೊಳಾಕಿಲ್ಲ. ಆಗೊಂದ್ಸಲ ನಿನ್ನ ಮಗಳನ್ನ ಅಜ್ಜಿ ಪದ ಒಂದು ಯೋಳವ್ವಾ ಅಂದ್ರೆ, ಪೋ ತಾತಾ ಅಂತ ಓಡೋದ್ಳು. ವೇಣು ಬದುಕೋ ದಾರಿ ಇಡ್ಕೊಂಡ, ಮಾರಕ್ಕನ ರಾಗಕ್ಕೆ ತಮಿಳು ಮಾತು ಕಟ್ದ. ನಾಳೆ ನೀನೂ ಅಂಗೇ ಯೋಳ್ತೀಯ, ಯೋಳು. ಆ ಪದಗಳು ಇನ್ನ ನಮ್ಮ ಮಾತಾಗೆ ಉಳಿಯಾಕಿಲ್ಲ. ಅದನ್ನ ನಾನು ಒಪ್ಕೊಂಡಾಯ್ತು.

ಒಪ್ಕೊಳಾಕೆ ಆಗ್ದಿರೋದು ಇನ್ನೊಂದೈತೆ. ನನ್ನ ಕೈ ಕೆಲಸ. ಗುಡಾಣ ಇಟ್ಟು, ಕಂಬಳಿ ಕಟ್ಟಿ, ಮನುಷ್ಯರನ್ನ ಎದುರಿಗೆ ಕುಂಡ್ರಿಸ್ಕೊಂಡು ಒಂದೇ ಉಸಿರಿಗೆ ಇಡಿಯೋ ಕೆಲಸ. ಅದನ್ನ ಇನ್ನೊಂದ್ಸಲ ಮಾಡ್ಬೇಕು ನಾನು. ಬ್ಯಾರೆ ಯಾರ ದನಿಯಾಗೂ ಆಗಾಕಿಲ್ಲ. ಮಾರಕ್ಕನ ಗಂಟ್ಲು ಇರೋದು ಈ ಸೀಮೆಗೆಲ್ಲ ನಿಂಗೊಬ್ಬಳಿಗೆ. ನೀನು ಇವತ್ತು ಯೋಳ್ದೆ ಓದ್ರೆ ನಾನು ಇನ್ನ ಈ ಮೈಕ್ ಮುಟ್ಟಾಕಿಲ್ಲ ರಾಜಾತಿ. ಎದರಿಸ್ತಿಲ್ಲ ನಿನ್ನ. ಮುಟ್ಟೋಕೆ ಕಾರಣ ಇರಾಕಿಲ್ಲ, ಅಷ್ಟೇ.

...ಊಂ ಅಂದ್ಯಾ? ತಲೆ ಆಡಿಸ್ದೆಯಲ್ಲ? ಯೋಳ್ತೀಯಾ? ಯೋಳ್ತೀಯಾ ಮಗಾ?

ನಂಗೊತ್ತಿತ್ತು. ಮಾರಕ್ಕನ ಮಗಳು ಇಲ್ಲ ಅನ್ನಾಕಿಲ್ಲ ಅಂತ ಮುನಿಗೆ ಬೆಳಿಗ್ಗೇನೇ ಯೋಳಿದ್ದೆ. ಬಾ, ಇಲ್ಲಿ ಬಂದು ಕುಂತ್ಕೊ. ಗುಡಾಣಕ್ಕೆ ಸ್ವಲ್ಪ ಓರೆಯಾಗಿ. ಸೆರಗು ಸರಿ ಮಾಡ್ಕೊ, ಬಳೆ ಮ್ಯಾಲಕ್ಕೆ ಏರಿಸ್ಕೊ, ಸದ್ದಾಯ್ತದೆ. ಮೈಕ್ ಈಗಲೇ ಬ್ಯಾಡ. ಮೊದಲು ಸುಮ್ಕೆ ಒಂದ್ಸಲ ಯೋಳು, ದನಿ ಎಷ್ಟು ದೂರ ಬತ್ತದೆ ನೋಡ್ಕೊಂಡು ನಿಂಗೆ ಜಾಗ ಗುರ್ತು ಆಕ್ತೀನಿ. ನಾನು ಕಣ್ಣು ಮುಚ್ಕೊತೀನಿ. ನಾಚ್ಕೋಬ್ಯಾಡ, ನಿಮ್ಮವ್ವಂಗೂ ಇಂಗೇ ಮಾಡಿದ್ದು. ಕಣ್ಣು ಬುಟ್ಕೊಂಡಿದ್ರೆ ಮಕದ ಮ್ಯಾಲೆ ಓಗ್ತದೆ ಮನಸ್ಸು, ದನಿ ಮ್ಯಾಲೆ ನಿಲ್ಲಾಕಿಲ್ಲ. ಊಂ. ಸುರು ಮಾಡು.

...

ಆಹಾ.

ಅಂಗೆ. ಅಂಗೇ ಬುಡು ದನಿ... ಅವಸರ ಬ್ಯಾಡ, ಕುರಿ ಒದ್ದಾಡ್ತೈತೆ ಅನ್ಕೊ, ಮೆಲ್ಲಗೆ... ಊಂ, ಈಗ ಸುಮ್ಕಾಯ್ತು, ಓಡಿಸು... ಅಬ್ಬಾ! ಅದೇ ತಿರುವು ಕಣೇ, ಅದೇ ತಿರುವು, ಮಾರಕ್ಕ ಎದ್ದು ಬಂದಂಗೈತೆ. ಗಂಟ್ಲು ಎಷ್ಟು ತಿಳಿಯಾಗೈತೆ ನಿಂಗೆ, ಅವಳಿಗಿಂತ ಒಂದು ಗುಲಗಂಜಿ ಮ್ಯಾಲೇನೇ... ಒಂದು ಗೇಣು ಇಂದಕ್ಕೆ ಸರಿ, ನಿಲ್ಲಿಸ್ಬ್ಯಾಡ, ಯೋಳ್ತಾ ಯೋಳ್ತಾ ಸರಿ... ಆ, ಸಾಕು. ಅಲ್ಲೇ. ಗುಡಾಣ ಇಡೀತು ನಿನ್ನ. ಕೇಳಿಸ್ತಾ, ಗುಡ್ಡ ವಾಪಸ್ ಯೋಳ್ತಾ ಐತೆ... ಸೇಲಂನಾಗೆ ಸಿಗಾಕಿಲ್ಲ ಇದು, ಯಾವ ಮಿಷನ್ನಾಗೂ ಸಿಗಾಕಿಲ್ಲ... ಕೊನೇ ಸಾಲು. ಉಸ್ರು ತಗೊ. ಬುಡು...

ಆಯ್ತು. ಚಿನ್ನ ಕಣೇ ನೀನು, ಚಿನ್ನ. ಇದಕ್ಕಿಂತ...

ಮುನಿ, ನೀನ್ಯಾವಾಗ ಬಂದೆ? ಯಾಕೆ ಅಂಗೆ ಲೋಟ ಇಡ್ಕೊಂಡು ನಿಂತ್ಬುಟ್ಟೆ? ರಾಜಾತಿ, ನೀನ್ಯಾಕೆ ಅಳ್ತೀಯ? ಚೆನ್ನಾಗೇ ಯೋಳಿದ್ಯಲ್ಲ. ನೀನು ಗುಡಾಣದ ತಾವಿಂದ ಸರಿದೇ ಇಲ್ಲ... ಸರಿ ಅಂದ್ನಲ್ಲ ನಾನು. ಅಲ್ಲೇ ಕುಂತಿದೀಯ. ಏನಾದ್ರೂ ಮಾತಾಡು. ಬಾಯಿ ಯಾಕೆ ಮುಚ್ಕೊಂಡಿದೀಯ?

ಮುಗೀತಲ್ವಾ ಪದ? ...ಇಲ್ಲ ಅಂತ ತಲೆ ಆಡಿಸ್ತೀಯಲ್ಲ. ಮುಗೀನಿಲ್ವಾ? ಮಧ್ಯದಾಗೆ ನಿಲ್ಲಿಸಿದ್ಯಾ?

...ಸುರುವೇ ಮಾಡ್ನಿಲ್ವಾ?

ಮುನೀ, ನೀನ್ಯಾಕೆ ಮಕ ಆ ಕಡೆ ತಿರುಗಿಸ್ಕೊತೀಯ. ನಿಂಗೆ ಗೊತ್ತಿರೋದೇ ಅಲ್ವಾ. ಇವಳಿಗೂ ಗೊತ್ತಾಯ್ತು, ಅಷ್ಟೇ. ಆ ಒಸ ಕ್ಯಾಸೆಟ್ಟೂ ನಾನು ಕೇಳಿದ್ದಲ್ಲ ರಾಜಾತಿ, ಇವಳು ಕೇಳಿ ಕೈಸನ್ನೆಯಾಗೆ ಯೋಳಿದ್ದು. ಓದ ಮಳೆಗಾಲದಾಗೆ ಒಂದು ಕಿವಿ ಓಯ್ತು, ಸುಗ್ಗಿ ಒಳಗೆ ಇನ್ನೊಂದೂ ಓಯ್ತು. ಕಿವಿ ಇಲ್ದೋನ ಮುಂದೆ ಯಾರು ಬಂದು ಪದ ಯೋಳ್ತಾರೆ? ಅದಕ್ಕೇ ಯಾರಿಗೂ ಯೋಳ್ನಿಲ್ಲ. ಬಾಯಿ ನೋಡಿ ಮಾತು ತಿಳ್ಕೊತೀನಿ, ಡೆಕ್ಕಿನ ಮುಳ್ಳು ಆಡೋದು ನೋಡ್ಕೊಂಡು ಕೆಲಸಾನೂ ಮಾಡ್ಬೋದು ಅನ್ಕೊಂಡಿದ್ದೆ. ಈಗ ಕಣ್ಣು ಮುಚ್ಚಿದಾಗ ನಂಗೆ ಕೇಳಿಸ್ತು ಕಣವ್ವ, ದೇವರಾಣೆ. ನಿಮ್ಮವ್ವನ ದನಿ ನಿಂದು ಅನ್ಕೊಂಡ್ಬುಟ್ಟೆ. ನಂಗೆ ನಾಚಿಕೆ ಆಯ್ತದೆ.

ಏನು? ಇತ್ತ ತಿರುಗಿ ಯೋಳು. ಕಣ್ಣೀರು ಒರೆಸ್ಕೊಂಡು ಯೋಳು, ತುಟಿ ಕಾಣಾಕಿಲ್ಲ... ನಾನು ಕಣ್ಣು ಮುಚ್ಚಿದ ತಕ್ಷಣ ಏನೋ ಕೇಳಿದ್ಯಾ? ನಾನು ಉತ್ರ ಯೋಳ್ತೀನಿ ಅಂತ ಇಷ್ಟೊತ್ತೂ ಕಾಯ್ತಾ ಕುಂತಿದ್ಯಾ?

ಯಾವ ಪದ ಯೋಳ್ಲಿ ಮಾಮಾ ಅಂತ ಕೇಳಿದ್ಯಾ...

ಯಾವುದಾದ್ರೂ ಯೋಳು ತಾಯಿ. ನಂಗೀಗ ಎಲ್ಲಾ ಪದಾನೂ ಒಂದೇ.